ಒಂದೇ ಪಕ್ಷ, ಎರಡು ವೈರಿ ದೇಶ

ಪ್ರಶ್ನೆ: ಸಿರಿಯಾ, ಇರಾಕ್ ಎರಡನ್ನೂ ಬಾತ್ ಪಕ್ಷವೇ ಆಳಿತು. ಆದರೂ ಅವು ಹಾವು-ಮುಂಗುಸಿಯಂತಿದ್ದುದೇಕೆ?

ಉತ್ತರ: ಪಕ್ಷವನ್ನು ಸೈನ್ಯ ನುಂಗಿದ್ದೇ ಮೂಲ ಕಾರಣ. ಅರಬರೆಲ್ಲ ಒಂದೇ ರಾಷ್ಟ್ರವೆಂದು ಮೈಕೆಲ್ ಅಫ್ಲಕ್, ಸಲಾಹ್ ಬಿತಾರ್ ಎಂಬ ಇಬ್ಬರು ಮೇಷ್ಟ್ರುಗಳು 1947ರಲ್ಲಿ ಡಮಾಸ್ಕಸ್‌ನಲ್ಲಿ ಕಟ್ಟಿದ ಪಕ್ಷ 1963ರಲ್ಲಿ ಸಿರಿಯಾದ ಗದ್ದುಗೆ ಏರಿದ್ದು ಮತದಿಂದಲ್ಲ, ಸೇನಾಕ್ರಾಂತಿಯಿಂದ. 1966ರಲ್ಲಿ ಆ ಸೇನಾಧಿಕಾರಿಗಳೇ ಅಫ್ಲಕ್‌ರನ್ನು ಹೊರಹಾಕಿದರು. 1968ರಲ್ಲಿ ಇರಾಕನ್ನು ಹಿಡಿದ ಪಕ್ಷದ ಇನ್ನೊಂದು ಬಣ ಅವರನ್ನು ಗುರುವೆಂದು ಕೂರಿಸಿಕೊಂಡಿತು. (ಗುರುವಿಗೆ ಗೌರವವಿತ್ತು, ಅಧಿಕಾರವಿರಲಿಲ್ಲ.) ಇದು ಪಂಗಡಗಳ ಜಗಳವಲ್ಲವೇ ಎನ್ನಬಹುದು. ಸಿರಿಯಾದಲ್ಲಿ ಅಲವಿ ಎಂಬ ಅಲ್ಪಸಂಖ್ಯಾತ ಪಂಗಡದ ಅಧಿಕಾರಿಗಳ ನಂಟು ಕೆಲಸ ಮಾಡಿತು, ನಿಜ. ಆದರೆ 1966ರ ಬಣ ಕೂರಿಸಿದ ಅಧ್ಯಕ್ಷ ನೂರುದ್ದೀನ್ ಅತಾಸಿ ಸುನ್ನಿಯೇ. ಅರಬ್ ಏಕತೆಯಂತೂ ಬಾಯಿಮಾತಾಯಿತು: 1982ರಲ್ಲಿ ಇರಾಕ್ ಇರಾನಿನೊಡನೆ ಕಾದುತ್ತಿದ್ದಾಗ ಸಿರಿಯಾ ಇರಾನಿನ ಪರ ನಿಂತು, ತನ್ನ ನೆಲದಲ್ಲಿ ಹಾದುಹೋಗುವ ಇರಾಕಿನ ತೈಲ ಕೊಳವೆಯನ್ನೇ ಮುಚ್ಚಿತು. ಇರಾಕಿನಲ್ಲಿ 2003ರಲ್ಲಿ ಪಕ್ಷವನ್ನು ನಿಷೇಧಿಸಲಾಯಿತು. ಸಿರಿಯಾದಲ್ಲಿ 2025ರ ಜನವರಿಯಲ್ಲಿ ವಿಸರ್ಜಿಸಲಾಯಿತು.