ನೌಕರರಿಗಾಗಿ ಬಾಡಿಗೆ ಮನೆ: ಕರಾರಿಗೆ ಸಹಿ ಹಾಕುವ ಮುನ್ನ

ಅರಸೀಕೆರೆಯು ರೈಲ್ವೆ ಜಂಕ್ಷನ್ ಆಗಿರುವಂತೆಯೇ ಕೊಬ್ಬರಿ ವಹಿವಾಟಿನ ಕೇಂದ್ರವೂ ಹೌದು. ಪರಊರಿನಿಂದ ಬರುವ ಗುಮಾಸ್ತರಿಗೆ, ಮೇಲ್ವಿಚಾರಕರಿಗೆ ವ್ಯಾಪಾರಸ್ಥರೇ ಮನೆ ಹಿಡಿದುಕೊಡುವ ಪದ್ಧತಿ ಇಲ್ಲಿದೆ. ಬೇಲೂರು, ಹಳೇಬೀಡುಗಳಲ್ಲಿ ಹೋಟೆಲು ಹಾಗೂ ಕರಕುಶಲ ವಸ್ತುಗಳ ಮಳಿಗೆ ನಡೆಸುವವರಿಗೂ ಇದೇ ಅಗತ್ಯ ಬೀಳುತ್ತದೆ. ಆದರೆ ಬಾಡಿಗೆ, ಮುಂಗಡಗಳ ಚೌಕಾಸಿಗೆ ಕೊಡುವ ಗಮನವನ್ನು ಕರಾರು ಪತ್ರಕ್ಕೆ ಕೊಡುವವರು ವಿರಳ. ಇದರ ಪರಿಣಾಮ ತಿಳಿಯುವುದು ಲೆಕ್ಕಪತ್ರ ಪರಿಶೀಲನೆಯ ವೇಳೆಗೆ.

ಕರಾರು ಯಾರ ಹೆಸರಿನಲ್ಲಿ?

ವಾಸದ ಮನೆಯ ಬಾಡಿಗೆಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲವೆಂಬುದು ಸಾಮಾನ್ಯ ನಂಬಿಕೆ. 2022ರ ಜುಲೈ 18ರಿಂದ ಇದು ಪೂರ್ಣ ಸತ್ಯವಲ್ಲ. ಬಾಡಿಗೆದಾರರು ನೋಂದಾಯಿತ ವ್ಯಾಪಾರಿಯಾಗಿದ್ದಲ್ಲಿ, ಶೇಕಡಾ 18ರ ತೆರಿಗೆಯನ್ನು ಮಾಲೀಕರ ಬದಲು ಬಾಡಿಗೆದಾರರೇ ಪಾವತಿಸಬೇಕು. ಇದನ್ನು ರಿವರ್ಸ್ ಚಾರ್ಜ್ ಎನ್ನುತ್ತಾರೆ. ಉದಾಹರಣೆಗೆ, ಪಾಲುದಾರಿಕೆ ಸಂಸ್ಥೆಯೊಂದು ತನ್ನ ಹೆಸರಿನಲ್ಲಿ ತಿಂಗಳಿಗೆ ರೂ. 10,000 ಬಾಡಿಗೆಯ ಮನೆ ಹಿಡಿದರೆ ತಿಂಗಳಿಗೆ ರೂ. 1,800, ವರ್ಷಕ್ಕೆ ರೂ. 21,600 ತೆರಿಗೆ ಬರುತ್ತದೆ. ಇದನ್ನು ನಗದು ಲೆಡ್ಜರ್‌ನಿಂದಲೇ ಕಟ್ಟಬೇಕು. ಖರೀದಿಯ ಮೇಲಿನ ತೆರಿಗೆ ಜಮೆಯನ್ನು ಇದಕ್ಕೆ ಬಳಸುವಂತಿಲ್ಲ. ತಡವಾದರೆ ಬಡ್ಡಿಯೂ ಸೇರುತ್ತದೆ.

ಏಕವ್ಯಕ್ತಿ ವ್ಯಾಪಾರಿಯು ತನ್ನ ಸ್ವಂತ ವಾಸಕ್ಕಾಗಿ, ವೈಯಕ್ತಿಕ ಲೆಕ್ಕದಿಂದ ಬಾಡಿಗೆ ಕೊಡುತ್ತಿದ್ದರೆ ಈ ತೆರಿಗೆ ಅನ್ವಯಿಸುವುದಿಲ್ಲ. ನೋಂದಣಿ ಇಲ್ಲದ ನೌಕರನು ತನ್ನ ಹೆಸರಿನಲ್ಲೇ ಮನೆ ಹಿಡಿದರೂ ತೆರಿಗೆ ಇಲ್ಲ. ಆದುದರಿಂದ ನೌಕರನೇ ಕರಾರು ಮಾಡಿಕೊಂಡು, ವೇತನದೊಡನೆ ಮನೆ ಬಾಡಿಗೆ ಭತ್ಯೆ ಪಡೆಯುವುದು ಅನೇಕ ಸಂದರ್ಭಗಳಲ್ಲಿ ಮಿತವ್ಯಯದ ಮಾರ್ಗ.

ಹನ್ನೊಂದು ತಿಂಗಳ ಕರಾರು

1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸುವುದು ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದಿರುವುದು ಇದರಿಂದಲೇ. ಮೂರು ವರ್ಷದ ಅವಧಿ ಬರೆದು ನೋಂದಾಯಿಸದೆ ಬಿಟ್ಟರೆ, ಆ ಅವಧಿಯ ಹಕ್ಕನ್ನು ಸ್ಥಾಪಿಸಲು ಪತ್ರವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು.

ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ವಾಸಿಸುವ ಭೋಗ್ಯದ ವ್ಯವಹಾರದಲ್ಲಿ ಅಪಾಯ ಇನ್ನೂ ಹೆಚ್ಚು. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಅದು ಹರಾಜಿಗೆ ಬಂದರೆ, ಭೋಗ್ಯದ ಹಣ ಹಿಂದಿರುಗುವುದು ಕಷ್ಟ. ಋಣಭಾರ ಪ್ರಮಾಣಪತ್ರ ಹಾಗೂ ಖಾತೆಯನ್ನು ನೋಡಿ, ಪತ್ರ ನೋಂದಾಯಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಸಂದಾಯ ಮಾಡುವುದು ಕ್ಷೇಮ.

ಮನೆಯಲ್ಲಿ ಸರಕು ಇಟ್ಟರೆ

ಹಂಗಾಮಿನಲ್ಲಿ ಖಾಲಿ ಕೋಣೆಗೆ ಕೊಬ್ಬರಿ ಚೀಲ ತುಂಬುವುದು ಸುಲಭ. ಆದರೆ ಆ ವಿಳಾಸವು ತೆರಿಗೆ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ನಮೂದಾಗಿರದಿದ್ದರೆ ತಪಾಸಣೆಯಲ್ಲಿ ತೊಂದರೆ ತಪ್ಪದು. ಗೃಹಬಳಕೆಯ ವಿದ್ಯುತ್ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದಲ್ಲಿ 2003ರ ವಿದ್ಯುತ್ ಕಾಯ್ದೆಯಂತೆ ಅನ್ವಯವಾಗುವ ದರದ ಎರಡರಷ್ಟು ವಸೂಲಿಗೆ ಅವಕಾಶವಿದೆ.

ದೇವಾಲಯದ ಆಸುಪಾಸಿನಲ್ಲಿ

ಬೇಲೂರಿನ ಚೆನ್ನಕೇಶವ ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲೇ, 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ದುರಸ್ತಿಗೂ ಅನುಮತಿ ಬೇಕು. ಇಲ್ಲಿ ಹಳೆಯ ಮನೆ ಹಿಡಿದು ಮಹಡಿ ಏರಿಸುವ ಅಥವಾ ಶೌಚಾಲಯ ಕಟ್ಟಿಸುವ ಯೋಜನೆ ಇದ್ದವರು, ಮುಂಗಡ ಕೊಡುವ ಮೊದಲೇ ಅನುಮತಿಯ ವಿಚಾರ ತಿಳಿದುಕೊಳ್ಳಬೇಕು. ಅನುಮತಿ ದೊರೆಯದಿದ್ದರೆ ಮುಂಗಡ ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲೇ ಬರೆಸುವುದು ಉತ್ತಮ.

ಬಾಯಿಮಾತಿನ ವಿಶ್ವಾಸವು ಸಣ್ಣ ಊರಿನ ವ್ಯಾಪಾರದ ಬಲವೆಂಬುದು ನಿಜ. ಆ ವಿಶ್ವಾಸ ಕೆಡದಂತೆ ಕಾಯುವುದು ಸ್ಪಷ್ಟವಾಗಿ ಬರೆದ ಕರಾರು.