ವೈದ್ಯಕೀಯ ಬರವಣಿಗೆಯ ವೃತ್ತಿ

ಪ್ರಶ್ನೆ: ಜೀವವಿಜ್ಞಾನದ ಪದವೀಧರನಾದ ನಾನು ವೈದ್ಯಕೀಯ ಬರವಣಿಗೆಯನ್ನು ವೃತ್ತಿಯಾಗಿ ಕೈಗೊಳ್ಳಬಹುದೇ?

ಉತ್ತರ: ನಿಸ್ಸಂದೇಹವಾಗಿ ಕೈಗೊಳ್ಳಬಹುದು, ವೈದ್ಯಪದವಿಯು ಅನಿವಾರ್ಯವಲ್ಲ. ಆದರೆ ಲೇಖಕನೆಂಬ ಅಭಿಧಾನಕ್ಕೆ ಮೋಹಗೊಂಡು ಹೊರಟವರಿಗೆ ಮೊದಲೇ ಅರುಹಬೇಕಾದ ಸಂಗತಿಯೊಂದುಂಟು: ಇಲ್ಲಿ ಕಲ್ಪನೆಗೆ ಎಡೆಯಿಲ್ಲ, ಕೀರ್ತಿಗಂತೂ ಬಹುಮಟ್ಟಿಗೆ ಇಲ್ಲವೇ ಇಲ್ಲ. ನೂತನ ಔಷಧವೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿದ ತರುವಾಯ ನಿಯಂತ್ರಣಾಧಿಕಾರಿಗಳ ಮುಂದಿಡುವ ವರದಿಯು ಔಷಧನಿಯಮಗಳ ಅಂತರರಾಷ್ಟ್ರೀಯ ಸಮನ್ವಯ ಸಂಸ್ಥೆಯಾದ ಐಸಿಎಚ್‌ನ 1995ರ ಇ3 ಮಾರ್ಗಸೂಚಿಯ ಕ್ರಮವನ್ನು ಅನುಸರಿಸತಕ್ಕದ್ದಾಗಿದ್ದು, ಸಂಖ್ಯಾಶಾಸ್ತ್ರಜ್ಞನು ಒದಗಿಸಿದ ಅಂಕಿಗಳಿಗೂ ವೈದ್ಯನು ಸಮ್ಮತಿಸಿದ ಅರ್ಥಕ್ಕೂ ನಡುವೆ ಅಧಿಕವಾದ ಒಂದು ವಿಶೇಷಣವೂ ನುಸುಳದಂತೆ ವಾಕ್ಯವನ್ನು ಹೊಸೆಯುವುದೇ ಈ ಲೇಖಕನ ಕಾಯಕವಾಗಿದೆ. ಔಷಧದಿಂದ ತಲೆನೋವು ಬಂದಿತೆಂದು ಬರೆಯುವುದಕ್ಕೂ, ಔಷಧಸೇವನೆಯ ಬಳಿಕ ತಲೆನೋವು ಕಾಣಿಸಿಕೊಂಡಿತೆಂದು ಬರೆಯುವುದಕ್ಕೂ ಇರುವ ಅಂತರವನ್ನು ಯಾವನು ಕ್ಷಣಮಾತ್ರದಲ್ಲಿ ಗ್ರಹಿಸುವನೋ ಅವನು ಅರ್ಧ ಸಿದ್ಧನಾದನೆಂದೇ ನನ್ನ ಅಭಿಪ್ರಾಯ. ಸಂಶೋಧನ ಪತ್ರಿಕೆಗಳ ಲೇಖನಗಳಿಗೆ ನೆರವಾಗುವವರೂ ಉಂಟು. ಅಲ್ಲಿ ಆ ನೆರವನ್ನು ಕೃತಜ್ಞತಾಪೂರ್ವಕವಾಗಿ ನಮೂದಿಸುವುದು ಶಿಷ್ಟಾಚಾರ, ಮರೆಮಾಚುವುದು ಅಪಚಾರ.

ಅಭ್ಯಾಸಕ್ಕಾಗಿ, ಪ್ರಕಟಿತ ಪ್ರಯೋಗವೊಂದರ ಸಾರಾಂಶವನ್ನು ಮುಚ್ಚಿಟ್ಟು, ಮೂಲವನ್ನಷ್ಟೇ ಓದಿ, 250 ಪದಗಳಲ್ಲಿ ತಾವೇ ಬರೆದು ಹೋಲಿಸಿ ನೋಡಿರಿ. ಪ್ರಯೋಗಕ್ಕೆ ಒಳಪಡುವವರ ಸಮ್ಮತಿಪತ್ರವು ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ನಿಯಮವಾದುದರಿಂದ, ತಿಳಿಗನ್ನಡ ಬಲ್ಲವರಿಗೂ ಇಲ್ಲಿ ಕೆಲಸವುಂಟು.