ಚಳಿಗೆ ಮಲ್ಲಿಗೆ ಮುನಿಯುವುದೇಕೆ?

ಪ್ರಶ್ನೆ: ಬೇಸಿಗೆಯಲ್ಲಿ ಮೈತುಂಬ ಹೂ ಬಿಡುವ ದುಂಡುಮಲ್ಲಿಗೆ ಚಳಿಗಾಲದಲ್ಲಿ ಬರಿದಾಗುವುದೇಕೆ?
– ಹೊನ್ನಾಳಿಯ ಓದುಗರೊಬ್ಬರು

ಉತ್ತರ: ದುಂಡುಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಚಳಿಗೆ ಚಿಗುರು ನಿಂತರೆ ಹೂವೂ ನಿಲ್ಲುತ್ತದೆ, ಗಿಡಕ್ಕೆ ರೋಗವೇನಿಲ್ಲ. ಡಿಸೆಂಬರ್ ಹೊತ್ತಿಗೆ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಧೈರ್ಯವಾಗಿ ಸವರಿ, ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಕೊಡಿ. ಶಿವರಾತ್ರಿ ಕಳೆದ ಮೇಲೆ ಮೊಗ್ಗು ಕಾಣುತ್ತವೆ. ಅಲ್ಲಿಯವರೆಗೆ ಮುಡಿಗೆ, ಪೂಜೆಗೆ ಕಾಕಡ, ಸೇವಂತಿಗೆ ಇವೆಯಲ್ಲ.

ಇನ್ನು ಅಂಗಳದ ದೊಡ್ಡಪತ್ರೆ, ತುಳಸಿಗೆ ಬಂದರೆ, ನೀರಿನ ಲೆಕ್ಕ ಊರಿಗೊಂದು. ನ್ಯಾಮತಿ, ಚನ್ನಗಿರಿ ಕಡೆ ಮುಂಗಾರಿನ ನೀರು ಬುಡದಲ್ಲಿ ನಿಂತರೆ ದೊಡ್ಡಪತ್ರೆ ಕೊಳೆಯುತ್ತದೆ, ಮಡಿ ಏರಿಸಿ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಅದೇ ದೊಡ್ಡಪತ್ರೆ ಸುಖವಾಗಿರುತ್ತದೆ, ತುಳಸಿಯ ಬುಡಕ್ಕೆ ಮಾತ್ರ ಒಣಹುಲ್ಲು ಹೊದಿಸಬೇಕು. ತುಳಸಿಯ ಹೂತೆನೆಯನ್ನು ಬೀಜ ಬಲಿಯುವ ಮೊದಲೇ ಚಿವುಟಿ. ಎಲೆ ದಟ್ಟವಾಗಿ ಬರುತ್ತದೆ.